ಬೊಂಬಾಯಿ ಬೆನಕಪ್ಪ

ನ್ಯಾಮತಿಯ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆ ನಡೆದರೆ ಎಡಗೈಗೆ ಒಂದು ಹಿಟ್ಟಿನ ಗಿರಣಿ, ಅದಕ್ಕೆ ಅಂಟಿಕೊಂಡ ಹಾಗೆ ಬೆನಕಪ್ಪನ ಹೊಲಿಗೆ ಅಂಗಡಿ. ‘ಬಾಂಬೆ ಟೈಲರ್ಸ್’ ಎಂದು ಕೆಂಪು ಬಣ್ಣದಲ್ಲಿ ಬರೆಸಿದ್ದ ಹಲಗೆಯ ಮೇಲೆ ಯಾವಾಗಲೂ ಜೋಳದ ಹಿಟ್ಟು ತೆಳ್ಳಗೆ ಕೂತಿರುತ್ತಿತ್ತು. ಆಗ ನಮ್ಮೂರು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಹೊನ್ನಾಳಿಯಲ್ಲಿ ಬೇಕಾದಷ್ಟು ಟೈಲರುಗಳಿದ್ದರೂ ಮದುವೆಯ ಕೋಟು ಎಂದರೆ ಅಲ್ಲಿಯವರೂ ಬಸ್ಸು ಹತ್ತಿ ಬೆನಕಪ್ಪನ ಹತ್ತಿರ ಬರುತ್ತಿದ್ದರು. ಸೂರಗೊಂಡನಕೊಪ್ಪದ ಕಡೆಯ ಹುಡುಗರು ಬಟ್ಟೆಯ ತುಂಡನ್ನು ಮೇಜಿನ ಮೇಲಿಟ್ಟು, “ಬೊಂಬಾಯಿ ಕಟಿಂಗ್ ಹಾಕ್ರಿ” ಎಂದು ಹೇಳಿ ಹೋಗುತ್ತಿದ್ದರು.

ಬೆನಕಪ್ಪ ಸಣ್ಣ ಮೈಕಟ್ಟಿನ ಮನುಷ್ಯ. ಕುತ್ತಿಗೆಗೆ ಟೇಪು, ಕಿವಿಯ ಸಂದಿಗೆ ಸೀಮೆಸುಣ್ಣ. ಮಿಷನ್ ತುಳಿಯುತ್ತಾ ಬೊಂಬಾಯಿಯ ಮಾತು ತೆಗೆದನೆಂದರೆ ಬಟ್ಟೆ ಕೊಡಲು ಬಂದವರು ಬಸ್ಸು ತಪ್ಪಿಸಿಕೊಂಡು ಕೂರುತ್ತಿದ್ದರು. ಕಡಲಿನ ಅಂಚಿನ ರಸ್ತೆ, ಎರಡು ಅಂತಸ್ತಿನ ಬಸ್ಸು, ಒಂದರ ಬಾಲ ಹಿಡಿದು ಇನ್ನೊಂದು ಬರುವ ರೈಲು. “ಕ್ರಾಫರ್ಡ್ ಮಾರ್ಕೆಟ್ ಹಿಂದ್ಗಡೆ ಒಂದು ಗಲ್ಲಿ. ಗಲ್ಲಿ ಬಾಯಾಗೆ ಒಂದು ನೀರಿನ ನಲ್ಲಿ. ನಲ್ಲಿ ಎದುರಿಗೇ ನಮ್ಮ ಉಸ್ತಾದರ ಅಂಗಡಿ,” ಎಂದು ಅವನು ಹೇಳಿದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಊರಲ್ಲಿ ಅವನನ್ನು ಬೊಂಬಾಯಿ ಬೆನಕಪ್ಪ ಎಂದೇ ಕರೆಯುತ್ತಿದ್ದರು.

ನಿಜ ಬೇರೆಯೇ ಇತ್ತು. ಬೆನಕಪ್ಪ ಬೊಂಬಾಯಿಯಲ್ಲಿ ಇದ್ದದ್ದು ಅರ್ಧ ದಿನ. ಆ ಅರ್ಧ ದಿನವೂ ರೈಲ್ವೆ ಸ್ಟೇಷನ್ನಿನ ಒಳಗೆ.

ಹದಿನೆಂಟರ ವಯಸ್ಸಿನಲ್ಲಿ ಅಪ್ಪನ ಕೈಲಿ ಏಟು ತಿಂದು ಮನೆ ಬಿಟ್ಟು ಓಡಿದ್ದ. ಟಿಕೆಟಿಲ್ಲದೆ, ಬೈಸಿಕೊಳ್ಳುತ್ತಾ, ಗಾಡಿ ಬದಲಿಸುತ್ತಾ ಬೊಂಬಾಯಿ ತಲುಪಿದ. ಪ್ಲಾಟ್‌ಫಾರ್ಮಿನಲ್ಲಿ ಇಳಿದಾಗ ಅಷ್ಟು ಜನರನ್ನು ಒಟ್ಟಿಗೆ ನೋಡಿ ಒಂದು ಕಂಬಕ್ಕೆ ಅಂಟಿಕೊಂಡು ನಿಂತ. ಒಬ್ಬ ದಪ್ಪನೆಯ ಮನುಷ್ಯ ಹತ್ತಿರ ಬಂದು, ಕೆಲಸ ಕೊಡಿಸುತ್ತೇನೆ ಬಾ ಎಂದು ಮಣಿಕಟ್ಟು ಹಿಡಿದ. ಮೊದಲು ಮೆಲ್ಲಗೆ ಹಿಡಿದ. ಬೆನಕಪ್ಪ ಕೈ ಎಳೆದುಕೊಳ್ಳಲು ನೋಡಿದಾಗ ಹಿಡಿತ ಬಿಗಿಯಾಯಿತು. ನಗುನಗುತ್ತಲೇ ಎಳೆದುಕೊಂಡು ಹೊರಟ. ಸುತ್ತ ಸಾವಿರ ಜನ ಹೋಗುತ್ತಿದ್ದರೂ ಒಬ್ಬರೂ ತಿರುಗಿ ನೋಡಲಿಲ್ಲ. ಹೊರಬಾಗಿಲ ಹತ್ತಿರ ಬಂದಾಗ ಬೆನಕಪ್ಪ ಬಗ್ಗಿ ಆ ಕೈಯನ್ನು ಕಚ್ಚಿ ಒಳಕ್ಕೆ ಓಡಿ ಬಂದ. ಪಾರ್ಸೆಲ್ಲಿನ ಬುಟ್ಟಿಗಳ ಹಿಂದೆ ಕೂತು, ಸಂಜೆಯವರೆಗೂ ತಲೆ ಎತ್ತಲಿಲ್ಲ. ಆಮೇಲೆ ಸಿಕ್ಕಿದ ಗಾಡಿ ಹತ್ತಿದ. ಹುಬ್ಬಳ್ಳಿಯಲ್ಲಿ ಟಿಕೆಟ್ ಕೇಳುವವನು ಅವನನ್ನು ಇಳಿಸಿದ.

ಹೊಲಿಗೆ ಕಲಿತದ್ದು ಹುಬ್ಬಳ್ಳಿಯಲ್ಲೇ, ಸ್ಟೇಷನ್ ಹತ್ತಿರದ ಒಂದು ಓಣಿಯಲ್ಲಿ. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಮುದುಕನೊಬ್ಬ ಬೊಂಬಾಯಿಯಲ್ಲಿ ಬಹಳ ವರ್ಷ ಇದ್ದವನು. ಗಲ್ಲಿ, ನಲ್ಲಿ, ಉಸ್ತಾದ್ ಎಲ್ಲವೂ ಆ ಮುದುಕನ ಕತೆಗಳು. ಹಿಂದುಸ್ತಾನಿ ಮಾತೂ ಅಲ್ಲೇ ಬಂತು. ಊರಿಗೆ ಮರಳಿದಾಗ ಅಪ್ಪ ಬಾಗಿಲಲ್ಲೇ ನಿಲ್ಲಿಸಿ, “ಎಲ್ಲಿ ಸತ್ತಿದ್ದೆ?” ಎಂದು ಕೇಳಿದ. “ಬೊಂಬಾಯಾಗಿದ್ದೆ” ಎಂದುಬಿಟ್ಟ. ಅಪ್ಪನ ಮುಖದಲ್ಲಿ ಕೋಪದ ಜಾಗಕ್ಕೆ ಬೇರೇನೋ ಬಂದದ್ದನ್ನು ಕಂಡ. ಅಲ್ಲಿಂದ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಆ ಒಂದು ಮಾತಿನ ಮೇಲೆ ಅಂಗಡಿ ನಿಂತಿತು, ಹೆಣ್ಣೂ ಸಿಕ್ಕಿತು. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಅಡಿಕೆ ವ್ಯಾಪಾರಿ ಮಹೇಶ್ವರಪ್ಪ ತನ್ನ ತಂಗಿ ಸರ್ವಮಂಗಳಮ್ಮನನ್ನು ಕೊಟ್ಟದ್ದು ಹುಡುಗ ಬೊಂಬಾಯಿಯಲ್ಲಿ ಪಳಗಿದವನು ಎಂಬ ಕಾರಣಕ್ಕೆ. ಹೆಂಡತಿಗೂ ಬೆನಕಪ್ಪ ನಿಜ ಹೇಳಲಿಲ್ಲ. ಆದರೆ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತೋ ಭಯವೂ ಅಷ್ಟೇ ಒಳಗಿತ್ತು. ಯಾರಾದರೂ ಬೊಂಬಾಯಿ ನೋಡಿ ಬಂದವರು ಅಂಗಡಿಯ ಕಡೆ ಬಂದರೆ ಮಿಷನ್ ಬಿಟ್ಟು ಚಾ ಕುಡಿಯಲು ಎದ್ದು ಹೋಗುತ್ತಿದ್ದ. ಒಮ್ಮೆ ಬ್ಯಾಂಕಿಗೆ ಬೊಂಬಾಯಿಯಲ್ಲೇ ಹುಟ್ಟಿದ ಆಫೀಸರೊಬ್ಬರು ವರ್ಗವಾಗಿ ಬಂದು ಪ್ಯಾಂಟು ಹೊಲಿಸಲು ಹೇಳಿಕಳಿಸಿದರು. ಬೆನಕಪ್ಪನಿಗೆ ನಿಜವಾಗಿಯೇ ಜ್ವರ ಬಂತು. ಆ ಪ್ಯಾಂಟನ್ನು ಅವನು ಹೊಲಿಯಲೇ ಇಲ್ಲ.

ಎಪ್ಪತ್ತೇಳನೇ ಇಸವಿಯ ಚಳಿಗಾಲದಲ್ಲಿ ಮಹೇಶ್ವರಪ್ಪನ ಹಿರೀ ಮಗಳಿಗೆ ಜಗಳೂರಿನ ಎಣ್ಣೆ ಗಾಣದವರ ಮನೆಯಲ್ಲಿ ಸಂಬಂಧ ಗೊತ್ತಾಯಿತು. ಮಹೇಶ್ವರಪ್ಪ ಹೆಂಡತಿ ಶಾಂತಾದೇವಿಯನ್ನು ಕರೆದುಕೊಂಡು ನ್ಯಾಮತಿಗೆ ಬಂದ. ಉಂಡು, ಎಲೆ ಅಡಿಕೆ ಹಾಕಿಕೊಂಡು ವಿಷಯ ತೆಗೆದ.

“ಜಗಳೂರಿನೋರು ದಾವಣಗೆರೆಯಾಗೆ ಸೀರೆ ತೆಗೀತಾರಂತೆ. ನಾವು ಬೊಂಬಾಯಾಗೆ ತೆಗಿಯಾನ. ನೀವಿದ್ದ ಮ್ಯಾಲೆ ನಮಗೇನ್ ಭಯ ಬೆನಕಪ್ಪನೋರೆ? ಊರೂ ನೋಡಿದಂಗಾಗುತ್ತೆ.”

“ಕೈತುಂಬ ಕೆಲ್ಸ ಐತೆ ಭಾವ. ಮದ್ವಿ ದಿನ ಬೇರೆ...”

“ಕೆಲ್ಸ ಯಾವಾಗ್ಲೂ ಇರುತ್ತೆ ಬಿಡ್ರಿ,” ಎಂದು ಸರ್ವಮಂಗಳಮ್ಮ ಒಳಗಿನಿಂದಲೇ ಹೇಳಿದಳು. “ನಾನು ಶಿವಮೊಗ್ಗ ಬಿಟ್ರೆ ಏನ್ ನೋಡೀನಿ? ನೀವಿದ್ದ ಊರನ್ನ ನಂಗೊಂದ್ಸಲ ತೋರ್ಸಾಕಾಗಲ್ವಾ?”

ಅವಳ ದನಿಯಲ್ಲಿದ್ದ ಆಸೆಯನ್ನು ಕೇಳಿ ಬೆನಕಪ್ಪ ಒಪ್ಪಿಕೊಂಡ. ಹೊರಡುವ ದಿನದವರೆಗೂ ಅನ್ನ ಸೇರಲಿಲ್ಲ. ಮೈ ಬೆಚ್ಚಗಿದೆ ಎಂದು ಹೊದ್ದು ಮಲಗಿ ನೋಡಿದ. ಅವಳು ಮೆಣಸಿನ ಕಷಾಯ ಕುಡಿಸಿ ಎಬ್ಬಿಸಿದಳು.

ಹರಿಹರದಲ್ಲಿ ನಾಲ್ವರೂ ರೈಲು ಹತ್ತಿದರು. ಹುಬ್ಬಳ್ಳಿ ಬಂದಾಗ ಬೆನಕಪ್ಪ ಶಾಲನ್ನು ತಲೆಯ ಮೇಲೆಳೆದುಕೊಂಡು ನಿದ್ದೆ ಬಂದವನ ಹಾಗೆ ಕೂತ. ಹಳೆಯ ಪರಿಚಯದವರು ಯಾರಾದರೂ ಕಿಟಕಿಯ ಹತ್ತಿರ ಬಂದು, ಅರೇ ಬೆನಕಪ್ಪಾ ಎಂದುಬಿಟ್ಟರೆ? ಗಾಡಿ ಮತ್ತೆ ಅಲುಗುವವರೆಗೂ ಶಾಲಿನೊಳಗೆ ಉಸಿರು ಬಿಗಿಹಿಡಿದಿದ್ದ. ಮೀರಜ್‌ನಲ್ಲಿ ಗಾಡಿ ಬದಲಿಸಿ ಮಾರನೆಯ ಬೆಳಿಗ್ಗೆ ಬೊಂಬಾಯಿಯಲ್ಲಿ ಇಳಿದರು.

ಅದೇ ಸ್ಟೇಷನ್. ಅದೇ ಎತ್ತರದ ಚಾವಣಿ, ಅದೇ ಗದ್ದಲ. ಹೊರಬಾಗಿಲು ಹತ್ತಿರವಾದ ಹಾಗೆ ಬೆನಕಪ್ಪನ ಮಣಿಕಟ್ಟಿನಲ್ಲಿ ಯಾರೋ ಹಿಡಿದಷ್ಟು ಬಿಗಿ ಕಾಣಿಸಿಕೊಂಡಿತು. ಅವನು ನಿಂತುಬಿಟ್ಟ. ಹಿಂದಿನಿಂದ ಮಹೇಶ್ವರಪ್ಪ, “ಯಾಕ್ ನಿಂತ್ರಿ? ಯಾವ ಕಡಿಗೆ?” ಎಂದ. ಜನರೇ ಅವರನ್ನು ನೂಕಿ ಹೊರಗೆ ಹಾಕಿದರು.

ಟ್ಯಾಕ್ಸಿಯವನ ಜೊತೆ ಹುಬ್ಬಳ್ಳಿಯ ಹಿಂದುಸ್ತಾನಿ ಕೆಲಸಕ್ಕೆ ಬಂತು. ಅಡಿಕೆ ದಲ್ಲಾಳಿಯೊಬ್ಬರು ಹೇಳಿದ್ದ ಲಾಡ್ಜು ಮಸ್ಜಿದ್ ಬಂದರಿನ ಕಡೆ ಇತ್ತು. ಕಿಟಕಿ ತೆರೆದರೆ ಎದುರಿಗೇ ಒಣಮೆಣಸಿನಕಾಯಿಯ ಗೋದಾಮು, ಚೀಲ ಹೊತ್ತ ಕೈಗಾಡಿಗಳು. ಒಳಗೆ ಕಾಲಿಟ್ಟಾಗಿನಿಂದ ಶಾಂತಾದೇವಿ ಸೀನುತ್ತಲೇ ಇದ್ದಳು.

ಮೊದಲನೆಯ ದಿನ ಹೇಗೋ ಕಳೆಯಿತು. ಗೇಟ್‌ವೇ ಎಂದರೆ ಟ್ಯಾಕ್ಸಿಯವರಿಗೆ ಗೊತ್ತು, ಚೌಪಾಟಿ ಎಂದರೂ ಗೊತ್ತು. ಸರ್ವಮಂಗಳಮ್ಮ ಕಡಲನ್ನು ಕಂಡು ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನಿಂತಳು. ಗಾಜಿನ ಪೆಟ್ಟಿಗೆಗಳಲ್ಲಿ ಮೀನು ಸಾಕಿದ್ದ ಮನೆಗೆ ಹೋದರು, ಗುಡ್ಡದ ಮೇಲಿನ ತೋಟ ನೋಡಿದರು. ಸಂಜೆ ಮರಳಿನ ಮೇಲೆ ಕೂತು ಎಲೆಯಲ್ಲಿ ಭೇಲ್ ತಿಂದಾಗ ಅವಳು ನಕ್ಕಳು.

“ಇದು ನಮ್ಮ ಮಂಡಕ್ಕಿ ಅಲ್ವೇನ್ರೀ? ಸಿಹಿ ಯಾಕ್ ಸುರುವ್ಯಾರೆ? ಜೊತಿಗೊಂದು ಮೆಣಸಿನಕಾಯಿ ಬಜ್ಜಿ ಇದ್ದಿದ್ರೆ!”

ಎಲ್ಲರೂ ನಕ್ಕರು. ಬೆನಕಪ್ಪನೂ ನಕ್ಕ. ಆದರೆ ಒಂದೊಂದು ತಿರುವಿನಲ್ಲೂ ಮಹೇಶ್ವರಪ್ಪ, “ಇದ್ಯಾವ ಬೀದಿ? ಆ ದೊಡ್ಡ ಕಟ್ಟಡ ಯಾರ್ದು?” ಎಂದು ಕೇಳುತ್ತಿದ್ದ. ಬೆನಕಪ್ಪ ಬಾಯಿಗೆ ಬಂದ ಹೆಸರು ಹೇಳುತ್ತಿದ್ದ. ಹೇಳಿದ ಹೆಸರು ತಾನೇ ಮರೆತು ಬೇರೆ ಹೇಳಿದರೆ ಎಂಬ ಭಯದಲ್ಲಿ ಅವನ ಅಂಗಿಯ ಬೆನ್ನು ಚಳಿಗಾಲದಲ್ಲೂ ಒದ್ದೆಯಾಗಿತ್ತು.

ಎರಡನೆಯ ದಿನ ಸೀರೆ. ಬಟ್ಟೆ ಮಾರುಕಟ್ಟೆಯಲ್ಲಿ ಒಂದು ಅಂಗಡಿಯ ಹೊಟ್ಟೆಯೊಳಗೆ ಇನ್ನೊಂದು ಅಂಗಡಿ. ಬಿಳಿ ಹಾಸಿನ ಮೇಲೆ ಕೂರಿಸಿ ಸೀರೆಯ ಮೇಲೆ ಸೀರೆ ಬಿಚ್ಚಿ ಎಸೆಯುತ್ತಿದ್ದರು. ಶಾಂತಾದೇವಿಗೆ ಯಾವುದನ್ನು ಬಿಡುವುದೋ ತಿಳಿಯಲಿಲ್ಲ. ಅಂಚು, ನೂಲು, ಬಣ್ಣ ಹಿಡಿಯುವ ಬಗೆ ಎಲ್ಲವನ್ನೂ ಬೆನಕಪ್ಪನೇ ನೋಡಿ ಹೇಳಿದ. ಬಟ್ಟೆಯ ನಡುವೆ ಕೂತಿದ್ದ ಆ ಹೊತ್ತು ಮಾತ್ರ ಅವನು ಭಯ ಮರೆತಿದ್ದ. ಸೀರೆಯ ಗಂಟನ್ನು ಸರ್ವಮಂಗಳಮ್ಮ ತಾನೇ ಹೊತ್ತುಕೊಂಡಳು. ಉಡುಪಿಯವರ ಹೋಟೆಲಿನಲ್ಲಿ ಊಟ ಮಾಡಿದರು. ಸಾರು ಬಾಯಿಗೆ ಬಿದ್ದಾಗ ಎಲ್ಲರಿಗೂ ಊರು ನೆನಪಾಯಿತು. ಕೈ ತೊಳೆದು ಬಂದ ಶಾಂತಾದೇವಿ ಸಹಜವಾಗಿ ಕೇಳಿದಳು.

“ಅಣ್ಣಾರೆ, ನೀವು ಕೆಲ್ಸ ಮಾಡಿದ ಅಂಗಡಿ ಇಲ್ಲೇ ಎಲ್ಲೋ ಅಲ್ವಾ? ಕ್ರಾಫರ್ಡ್ ಮಾರ್ಕೆಟ್ ಹಿಂದ್ಗಡೆ ಅಂತಿದ್ರಿ.”

“ಅದನ್ನ ಕೆಡವಿ ಭಾಳ ದಿನ ಆಗೈತೆ ತಗಳ್ರಿ.”

“ಅಂಗಡಿ ಕೆಡವಿದ್ರೂ ಗಲ್ಲಿ ಎಲ್ಲಿಗೋಗುತ್ತೆ?” ಎಂದು ಮಹೇಶ್ವರಪ್ಪ ಎದ್ದೇಬಿಟ್ಟ. “ಬರ್ರಿ, ನೋಡಾನ.”

ನಾಲ್ವರೂ ನಡೆದರು. ಬೆನಕಪ್ಪ ಮುಂದೆ, ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತಿಲ್ಲದೆ. ಹತ್ತಾರು ಗಲ್ಲಿಗಳು. ಒಂದರಲ್ಲಿ ಬರೀ ಗುಂಡಿ, ದಾರ, ಒಂದರಲ್ಲಿ ಪಾತ್ರೆ, ಒಂದರಲ್ಲಿ ಬಳೆ. ಸ್ವಲ್ಪ ಹೊತ್ತು ಸುತ್ತಿ, ಗುರುತು ಹತ್ತುತ್ತಿಲ್ಲ ಎಂದು ಹೇಳಿ ಲಾಡ್ಜಿಗೆ ಕರೆದೊಯ್ಯಬಹುದೆಂದು ಅವನ ಲೆಕ್ಕ. ಅಷ್ಟರಲ್ಲಿ ಹಿಂದಿನಿಂದ ಮಹೇಶ್ವರಪ್ಪ ಕೂಗಿದ.

“ಇಗಳ್ರಿ, ನಲ್ಲಿ!”

ಗಲ್ಲಿಯ ಬಾಯಲ್ಲಿ ನಲ್ಲಿ ಇತ್ತು. ಎದುರಿಗೆ ಒಂದು ಟೈಲರ್ ಅಂಗಡಿಯೂ ಇತ್ತು. ಗಡ್ಡದ ಮುದುಕರೊಬ್ಬರು ಕತ್ತರಿ ಹಿಡಿದು ಮೇಜಿನ ಮೇಲೆ ಬಗ್ಗಿದ್ದರು. ಬೊಂಬಾಯಿಯಲ್ಲಿ ಅಂಥ ಗಲ್ಲಿ ಸಾವಿರ ಇರಬಹುದು. ಬೆನಕಪ್ಪನಿಗೆ ಮಾತ್ರ ಆ ಹುಬ್ಬಳ್ಳಿಯ ಮುದುಕನೇ ಎದ್ದು ಬಂದು ಎದುರು ನಿಂತ ಹಾಗಾಯಿತು.

“ಕೆಡವಿಲ್ಲಲ್ರೀ! ನಿಮ್ಮ ಉಸ್ತಾದರೂ ಅದಾರೆ. ಬರ್ರಿ, ಶರಣು ಅಂದು ಹೋಗಾನ,” ಎಂದು ಮಹೇಶ್ವರಪ್ಪ ಅಂಗಡಿಯ ಮೆಟ್ಟಿಲ ಕಡೆ ಹೆಜ್ಜೆ ಹಾಕಿದ.

ಬೆನಕಪ್ಪ ಓಡಿ ಅವನ ತೋಳು ಹಿಡಿದ. “ಬ್ಯಾಡ ಭಾವ, ಬ್ಯಾಡ. ಅವ್ರಿಗೂ ನಂಗೂ ಜಗಳ ಆಗಿತ್ತು. ನೋಡಿದ್ರೆ ಹೊಡಿತಾರೆ. ನಡೀರಿ, ಬ್ಯಾಗ ನಡೀರಿ.” ಅವನ ಮುಖ ಕಂಡು ಮಹೇಶ್ವರಪ್ಪನಿಗೂ ದಿಗಿಲಾಯಿತು. ಬೆನಕಪ್ಪ ಅವನನ್ನು ಎಳೆದುಕೊಂಡು ಜನರ ನಡುವೆ ನುಗ್ಗಿದ. ಶಾಂತಾದೇವಿ ಗಂಡನ ಅಂಗಿಯ ತುದಿ ಹಿಡಿದು ಓಡಿದಳು. ಮುದುಕರು ತಲೆ ಎತ್ತಿ ಕರೆದೇಬಿಡುತ್ತಾರೆ ಎನ್ನುವಂತೆ ಬೆನಕಪ್ಪ ತಿರುವಿನ ಮೇಲೆ ತಿರುವು ಹಾಕಿದ. ದೊಡ್ಡ ರಸ್ತೆಗೆ ಬಂದು ಬಸ್ಸುಗಳ ಸದ್ದು ಕಿವಿಗೆ ಬಿದ್ದ ಮೇಲೆ ನಿಂತು ಹಿಂದಿರುಗಿ ನೋಡಿದ.

ಸರ್ವಮಂಗಳಮ್ಮ ಇರಲಿಲ್ಲ.

ಬಂದಾಳು ಎಂದು ಸ್ವಲ್ಪ ಹೊತ್ತು ಕಾದರು. ಗಲ್ಲಿಯ ಬಾಯಿಂದ ಜನ ಹೊಳೆಯ ಹಾಗೆ ಬರುತ್ತಿದ್ದರು. ಪ್ರತಿ ಹೆಣ್ಣಿನ ಸೆರಗೂ ಅವಳದೇ ಎನ್ನಿಸಿ, ಅಲ್ಲ ಎಂದಾಗ ಕಣ್ಣು ಮುಂದಿನ ಸೆರಗಿಗೆ ಹೋಗುತ್ತಿತ್ತು.

“ನಡೀರಿ, ನಡೀರಿ ಬಂದ ದಾರಿಯಾಗೇ,” ಎಂದ ಮಹೇಶ್ವರಪ್ಪ. “ನಿಮಗೆ ಇಲ್ಲಿ ಸಂದಿಗೊಂದಿ ಎಲ್ಲಾ ಗೊತ್ತೈತಲ್ಲ.”

ಬೆನಕಪ್ಪ ಗಲ್ಲಿಗಳ ಕಡೆ ನೋಡಿದ. ಯಾವುದರಿಂದ ಬಂದೆವೆಂದೇ ತಿಳಿಯಲಿಲ್ಲ. ಇಪ್ಪತ್ತು ವರ್ಷದ ಮಾತು ಬಾಯಲ್ಲೇ ಒಣಗಿತು.

“ನಂಗೆ ಗೊತ್ತಿಲ್ಲ ಭಾವ.”

“ಏನ್ ಗೊತ್ತಿಲ್ಲ?”

“ಈ ಊರೇ ಗೊತ್ತಿಲ್ಲ. ನಾ ಇಲ್ಲಿರ್ಲಿಲ್ಲ. ಕಲ್ತಿದ್ದು ಹುಬ್ಬಳ್ಳಿಯಾಗೆ. ಆ ಮುದುಕ್ರು ಯಾರೋ, ನಾ ಕಾಣೆ.”

ಮಹೇಶ್ವರಪ್ಪನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದಾಗ ಬೆನಕಪ್ಪನ ಕೋಟಿನ ಕಾಲರ್ ಹಿಡಿದ. ಹೊಡೆಯುತ್ತಾನೆಂದೇ ಶಾಂತಾದೇವಿ ನಡುವೆ ಬಂದಳು. ಮಹೇಶ್ವರಪ್ಪ ಕೈಬಿಟ್ಟ. “ಆಮ್ಯಾಲೆ ಮಾತಾಡಾನ. ಮೊದ್ಲು ನನ್ನ ತಂಗಿ ಸಿಗ್ಲಿ,” ಎಂದ.

ಹುಡುಕಿದರು. ನಲ್ಲಿಯ ಗಲ್ಲಿ ಮತ್ತೆ ಸಿಗಲಿಲ್ಲ. ಬೆನಕಪ್ಪ ಕಂಡಕಂಡವರನ್ನು ನಿಲ್ಲಿಸಿ ಕೇಳಿದ. ಕೆಲವರು ತಲೆಯಲ್ಲಾಡಿಸಿದರು, ಕೆಲವರು ನಿಲ್ಲಲೇ ಇಲ್ಲ. ತನ್ನ ಕೈ ಹಿಡಿದೆಳೆದಿದ್ದ ಆ ದಪ್ಪ ಮನುಷ್ಯನ ನಗುಮುಖ ಈಗ ಪ್ರತಿ ಗಂಡಸಿನಲ್ಲೂ ಕಾಣಿಸತೊಡಗಿತು. ಅಂಥವನೊಬ್ಬ ಅವಳ ಮಣಿಕಟ್ಟು ಹಿಡಿದಿದ್ದರೆ? ಅವಳು ಕಚ್ಚಿಯಾಳೇ? ಕಚ್ಚಿದರೂ ಎಲ್ಲಿಗೆ ಓಡಿಯಾಳು? ಅವಳಿಗೆ ಸ್ಟೇಷನ್ನಿನ ದಾರಿಯೂ ಗೊತ್ತಿಲ್ಲ.

ಪೊಲೀಸ್ ಚೌಕಿಗೆ ಹೋದರು. ಅಲ್ಲಿನ ಹವಾಲ್ದಾರ ಹೆಣ್ಣುಮಗಳ ಚಹರೆ ಹೇಳು ಎಂದ. ಬೆನಕಪ್ಪ ಹೇಳಿದ: ತೆಂಗಿನಗರಿ ಹಸಿರು ರವಿಕೆ, ಮೊಣಕೈವರೆಗೆ ತೋಳು, ತೋಳಿನ ಅಂಚಿಗೆ ಹಳದಿ ಪೈಪಿಂಗು, ಎಡಭುಜದ ಹೊಲಿಗೆ ಒಂದು ಸಲ ಬಿಚ್ಚಿ ಮತ್ತೆ ಹಾಕಿದ್ದು. ಹವಾಲ್ದಾರ ಬೇಸರದಿಂದ, ಮುಖದ ಗುರುತು ಹೇಳಯ್ಯಾ, ಮಚ್ಚೆ ಗಿಚ್ಚೆ ಇದೆಯೇ ಎಂದ. ಬೆನಕಪ್ಪನಿಗೆ ಮುಖ ಕಣ್ಣಿಗೆ ಕಟ್ಟಿತು. ಮಚ್ಚೆ ಇತ್ತೋ ಇಲ್ಲವೋ ಹೊಳೆಯಲಿಲ್ಲ. “ಗಲ್ಲದ ಮ್ಯಾಲೆ, ಬಲಗಡೆ,” ಎಂದು ಪಕ್ಕದಿಂದ ಮಹೇಶ್ವರಪ್ಪ ಹೇಳಿದ. ಬೆನಕಪ್ಪ ತಲೆ ತಗ್ಗಿಸಿದ. ಲಾಡ್ಜಿನಲ್ಲೇ ಇರಿ, ಸಿಕ್ಕರೆ ಕರೆಸುತ್ತೇವೆ ಎಂದು ಅವರನ್ನು ಕಳಿಸಿದರು.

ಅವಳಿಗೆ ಆದದ್ದನ್ನು ಸರ್ವಮಂಗಳಮ್ಮನೇ ಆಮೇಲೆ ನಮ್ಮನೆಯ ಪಡಸಾಲೆಯಲ್ಲಿ ಕೂತು ನಮ್ಮವ್ವನಿಗೆ ಹೇಳಿದ್ದಳು. ಗಂಡ ಏಕಾಏಕಿ ಓಡತೊಡಗಿದಾಗ ಅವಳಿಗೆ ಏನೂ ತಿಳಿಯಲಿಲ್ಲ. ಹಿಂದೆಯೇ ಓಡಿದಳು. ಬಟ್ಟೆಯ ಪಿಂಡಿ ಹೇರಿದ ಕೈಗಾಡಿಯೊಂದು ಅಡ್ಡ ಬಂತು. ಅದು ಸರಿಯುವಷ್ಟರಲ್ಲಿ ಮುಂದೆ ಬರೀ ಅಪರಿಚಿತ ಬೆನ್ನುಗಳು. ಗಂಡನನ್ನು ಕರೆಯಬೇಕು. ಹೇಗೆ ಕರೆಯುವುದು? ಹೆಸರು ಹಿಡಿದು ಅವಳು ಯಾವತ್ತೂ ಕರೆದವಳಲ್ಲ. “ಏನ್ರೀ! ಏನ್ರೀ!” ಎಂದು ಕೂಗಿದಳು. ಆ ಊರಲ್ಲಿ ಆ ಮಾತಿಗೆ ಯಾರು ತಿರುಗುತ್ತಾರೆ?

“ಕೊನಿಗೆ ಹೆಸರಿಡಿದೇ ಕೂಗಿದೆ ಕಣವ್ವ,” ಎಂದು ನಮ್ಮವ್ವನಿಗೆ ಹೇಳುವಾಗ ಅವಳ ಮುಖ ಕೆಂಪಾಗಿತ್ತು. “ಬೆನಕಪ್ಪಾ ಅಂತ, ಎರಡು ಸಲ. ಬಿಟ್ಟ್ಯಲ್ಲಪ್ಪಾ ಅಂತಾನೂ ಅಂದೆ. ಒಬ್ರೂ ತಿರುಗಲಿಲ್ಲ.”

ಆಗ ದೂರದಲ್ಲಿ ಕಾಫಿ ಬಣ್ಣದ ಕೋಟು ಕಂಡಿತು. ಬೆನಕಪ್ಪ ಹಾಕಿದ್ದು ಅದೇ ಬಣ್ಣದ ಕೋಟು. ಅವಳು ಆ ಕೋಟನ್ನೇ ಕಣ್ಣಲ್ಲಿ ಹಿಡಿದು, ಗಂಟನ್ನು ಎದೆಗೊತ್ತಿಕೊಂಡು ಹಿಂದೆಯೇ ನಡೆದಳು. ಕೋಟು ರಸ್ತೆ ದಾಟಿತು, ಅವಳೂ ದಾಟಿದಳು. ಹಳೆಯ ಕಟ್ಟಡವೊಂದರ ಕತ್ತಲ ಮೆಟ್ಟಿಲು ಹತ್ತಿತು, ಅವಳೂ ಹತ್ತಿದಳು. ಮೇಲೆ ಬಾಗಿಲ ಮುಂದೆ ಆ ಮನುಷ್ಯ ತಿರುಗಿದ. ದಪ್ಪ ಮೀಸೆ, ಗುರುತಿಲ್ಲದ ಮುಖ. ಅವಳು ಕಿಟಾರನೆ ಕಿರುಚಿದಳು. ಅವನೂ ಹೆದರಿ ಗೋಡೆಗೆ ಒರಗಿದ.

ಸಾಲುಮನೆಗಳ ಬಾಗಿಲೆಲ್ಲ ತೆರೆದವು. ಮರಾಠಿ ಮಾತುಗಳು ಮೈಮೇಲೆ ಬಿದ್ದವು. ಕಚ್ಚೆ ಸೀರೆಯ ಮುದುಕಿಯೊಬ್ಬಳು ಅವಳ ತೋಳು ಹಿಡಿದು ಒಳಗೆ ಕೂರಿಸಿದಳು. ಸರ್ವಮಂಗಳಮ್ಮ ಹೊಸ್ತಿಲ ಪಕ್ಕದಿಂದ ಒಳಕ್ಕೆ ಸರಿಯಲಿಲ್ಲ. ಬಾಗಿಲು ಹಾಕಿಬಿಟ್ಟರೆ ಎಂದು ಒಂದು ಕಾಲನ್ನು ಹೊಸ್ತಿಲ ಮೇಲೇ ಇಟ್ಟುಕೊಂಡಿದ್ದಳು. ಚಾ ಕೊಟ್ಟರು, ಕುಡಿಯಲಿಲ್ಲ. ಅದರಲ್ಲಿ ಏನು ಹಾಕಿದ್ದಾರೋ. ರೊಟ್ಟಿ ಇಟ್ಟರು, ಮುಟ್ಟಲಿಲ್ಲ. ಮೀಸೆಯವನು ಹೊರಗೆ ಹೋದಾಗ ಯಾರನ್ನು ಕರೆತರಲು ಹೋದನೋ ಎಂದು ಮೆಟ್ಟಿಲ ಕಡೆಯೇ ನೋಡುತ್ತಿದ್ದಳು. ಮದುವೆಯ ಸೀರೆ ಹೋದರೆ ಹೋಗಲಿ, ನನ್ನನ್ನು ಮಾತ್ರ ಬಿಡಲಿ ಎಂದು ಗಂಟನ್ನು ಮುದುಕಿಯ ಕಡೆ ನೂಕಿದಳಂತೆ. ಮುದುಕಿ ಅದನ್ನು ಮತ್ತೆ ಇವಳ ತೊಡೆಯ ಮೇಲಿಟ್ಟು ತಲೆ ಸವರಿದಳು. ಆ ಕೈ ತನ್ನವ್ವನ ಕೈಯ ಹಾಗಿತ್ತು ಎಂದು ಸರ್ವಮಂಗಳಮ್ಮ ಹೇಳಿದಳು. ಆದರೂ ಭಯ ಹೋಗಲಿಲ್ಲ.

ಹೊತ್ತು ಇಳಿಯುವಾಗ ಮೀಸೆಯವನು ಒಬ್ಬನನ್ನು ಕರೆತಂದ. ಪಕ್ಕದ ಕಟ್ಟಡದವನು, ಸೊಲ್ಲಾಪುರದ ಕಡೆಯವನು, ಗಿರಣಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ. ಅವನ ಕೂದಲಲ್ಲಿ ಹತ್ತಿಯ ಎಳೆಗಳಿದ್ದವು.

“ಯಾವೂರ್ರಿ ಅಕ್ಕಾರ ನಿಮ್ದು? ಹೆದರಬ್ಯಾಡ್ರಿ,” ಎಂದ.

ಕನ್ನಡ ಕಿವಿಗೆ ಬಿದ್ದಾಗ ಅಲ್ಲಿಯವರೆಗೆ ತಡೆದಿದ್ದ ಅಳು ಒಡೆಯಿತು. ಲಾಡ್ಜಿನ ಹೆಸರು ಏನೆಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಹತ್ತಿರ ಏನಿದೆ ಎಂದು ಕೇಳಿದ. “ಮೆಣಸಿನಕಾಯಿ ಘಾಟು. ಕಿಟಕಿ ತಗದ್ರೆ ನಮ್ಮತ್ತಿಗಿ ಸೀನ್ತಾಳೆ,” ಎಂದಳು. ಅವನು ನಕ್ಕು, ತಿಳೀತು ನಡೀರಿ ಎಂದ. ದಾರಿಯುದ್ದಕ್ಕೂ ಅವಳು ಅವನಿಂದ ಮಾರು ದೂರದಲ್ಲೇ ನಡೆದಳು. ಕನ್ನಡ ಮಾತಾಡಿದ ಮಾತ್ರಕ್ಕೆ ನಂಬುವುದು ಹೇಗೆ? ಘಾಟು ಮೂಗಿಗೆ ಬಡಿದ ಮೇಲೆಯೇ ಅವಳ ಉಸಿರು ಸಲೀಸಾದದ್ದು.

ದೀಪ ಹಚ್ಚುವ ಹೊತ್ತು. ಬೆನಕಪ್ಪ ಲಾಡ್ಜಿನ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ಮೇಲಿನಿಂದ ಶಾಂತಾದೇವಿ, “ಬಂದ್ಲು! ಬಂದ್ಲು!” ಎಂದು ಕೂಗಿದಾಗ ಎದ್ದು ನಿಂತ. ಮಹೇಶ್ವರಪ್ಪ ಇಳಿದು ಬಂದು ತಂಗಿಯನ್ನು ತಬ್ಬಿಕೊಂಡು ಅತ್ತ. ಸೊಲ್ಲಾಪುರದವನ ಎರಡೂ ಕೈ ಹಿಡಿದುಕೊಂಡ. ಸರ್ವಮಂಗಳಮ್ಮ ಗಂಟನ್ನು ಅತ್ತಿಗೆಯ ಕೈಗೆ ಕೊಟ್ಟು ಗಂಡನ ಎದುರು ಬಂದಳು.

“ನೀವು ನನ್ನ ಕಡಿಗೆ ತಿರುಗಿ ನೋಡಿದ್ದು ಎಲ್ಲಿಗೆ ಬಂದ ಮ್ಯಾಲೆ?”

ಬೆನಕಪ್ಪನಿಗೆ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ.

“ದೊಡ್ಡ ರಸ್ತಿಗೆ ಬಂದ ಮ್ಯಾಲೆ.”

ಅವಳು ಒಳಗೆ ಹೋದಳು. ಹುಬ್ಬಳ್ಳಿಯ ವಿಷಯ ಅಣ್ಣನಿಂದ ಅವಳಿಗೆ ತಿಳಿಯಿತು. ಅತ್ತಿಗೆ, ನಾಳೆಯೇ ಊರಿಗೆ ಹೋಗೋಣ ಎಂದರೆ ಇವಳು ಒಪ್ಪಲಿಲ್ಲ. ಬೆಳಿಗ್ಗೆ ಹೂವು, ಹಣ್ಣು, ಒಂದು ರವಿಕೆ ಕಣ ತೆಗೆದುಕೊಂಡು, ಅಣ್ಣನ ಜೊತೆ ಆ ಮುದುಕಿಯ ಮನೆಗೆ ಹೋಗಿ, ಹಿಂದಿನ ದಿನ ಮುಟ್ಟದ ರೊಟ್ಟಿಯನ್ನು ಕೂತು ತಿಂದು ಬಂದಳು. ಬೆನಕಪ್ಪ ಲಾಡ್ಜಿನಲ್ಲೇ ಉಳಿದ. ಬರುತ್ತೀರಾ ಎಂದು ಅವನನ್ನು ಯಾರೂ ಕೇಳಲಿಲ್ಲ.

ವಾಪಸು ಬರುವ ರೈಲಿನಲ್ಲಿ ಅವಳು ಅವನೊಡನೆ ಒಂದು ಮಾತೂ ಆಡಲಿಲ್ಲ. ಹುಬ್ಬಳ್ಳಿಯಲ್ಲಿ ಗಾಡಿ ನಿಂತಾಗ ಬೆನಕಪ್ಪ ಕಿಟಕಿಯ ಹತ್ತಿರ ಬಗ್ಗಿ, “ಅಲ್ಲಿ, ಆ ಗೋಡಿ ಆಚಿಗೆ ಒಂದು ಓಣಿ ಐತೆ. ನಾ ಕಲ್ತಿದ್ದು ಅಲ್ಲಿ,” ಎಂದ. ಅವಳು ತಿರುಗಲಿಲ್ಲ ಎಂದುಕೊಂಡ. ಗಾಡಿ ಹೊರಟ ಮೇಲೆ ಅವಳು ಹಿಂದಕ್ಕೆ ಬಾಗಿ ಆ ಗೋಡೆಯನ್ನು ನೋಡುತ್ತಿದ್ದಳು.

ಊರಿಗೆ ಬಂದ ಮೇಲೆ ಬೆನಕಪ್ಪ ಬಹಳ ದಿನ ಅಂಗಡಿ ತೆರೆಯಲಿಲ್ಲ. ಮಹೇಶ್ವರಪ್ಪ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಮದುವೆಯಲ್ಲಿ ಜಗಳೂರಿನವರು ಸೀರೆ ಹೊಗಳಿದಾಗ, “ನಮ್ಮ ಬೆನಕಪ್ಪನೋರೇ ಆರ್ಸಿದ್ದು,” ಎಂದಷ್ಟೇ ಹೇಳಿದ. ಊರಿಗೆಲ್ಲ ಹೇಳಿದವಳು ಸರ್ವಮಂಗಳಮ್ಮ. ನಮ್ಮನೆಯಲ್ಲಿ ಹೇಳಿದಳು, ಗಿರಣಿಯಲ್ಲಿ ಹೇಳಿದಳು, ಬಚ್ಚಿಡುವುದು ಅವಳಿಂದಾಗದ ಕೆಲಸ. ಕೊನೆಗೆ ಬಾಗಿಲು ತೆರೆದಾಗ ಕೆಲವರು ಅಂಗಡಿಯ ಮುಂದೆ ನಿಂತು, “ಉಸ್ತಾದರು ಅರಾಮಾ?” ಎಂದು ಕೇಳಿ ನಕ್ಕು ಹೋದರು. ಬೆನಕಪ್ಪ ತಲೆ ಎತ್ತದೆ ಮಿಷನ್ ತುಳಿದ. ನಮ್ಮವ್ವ ಮಾತ್ರ ರವಿಕೆಯ ಬಟ್ಟೆ ಮೇಜಿನ ಮೇಲಿಟ್ಟು, “ತೋಳು ಹೋದ್ಸಲದಂಗೇ ಇರ್ಲಿ ಬೆನಕಪ್ಪ,” ಎಂದಳು. ಆಮೇಲೆ ಮದುವೆಯ ದಿನಗಳು ಬಂದವು, ಬಟ್ಟೆಯೂ ಬಂತು. ಹಲಗೆ ಅಲ್ಲೇ ಉಳಿಯಿತು. ಯಾರೂ ತೆಗೆ ಎನ್ನಲಿಲ್ಲ, ಅವನೂ ತೆಗೆಯಲಿಲ್ಲ.

ಆದರೆ ಮನುಷ್ಯ ಬದಲಾದ. ಮೊದಲು ಅವನಿಗಿದ್ದದ್ದು ಗುಟ್ಟು ಹೊರಬೀಳುವ ಭಯ. ಈಗ ಹೆಂಡತಿ ಸಂತೆಗೆ ಹೋಗಿ ತುಸು ತಡವಾದರೂ ಮಿಷನ್ ನಿಲ್ಲಿಸಿ ರಸ್ತೆಗೆ ಬರುತ್ತಿದ್ದ. ಅವಳು ತ್ಯಾವಣಿಗೆಗೆ ಹೋದರೆ ಬಸ್ಸಿನ ಕಂಡಕ್ಟರಿಗೆ, ಜೋಪಾನವಾಗಿ ಇಳಿಸಿ ಬಾ ಎಂದು ಹೇಳುತ್ತಿದ್ದ. ಜೊತೆಯಲ್ಲಿ ಎಲ್ಲಾದರೂ ಹೊರಟರೆ ಅವಳನ್ನೇ ಮುಂದೆ ಬಿಡುತ್ತಿದ್ದ.

ಎಂಬತ್ತಾರರಲ್ಲಿ ಮಹೇಶ್ವರಪ್ಪನ ಎರಡನೆಯ ಮಗಳ ಮದುವೆಗೆ ಮತ್ತೆ ಬೊಂಬಾಯಿಯ ಸೀರೆ ಎಂದಾಯಿತು. ಈ ಸಲ ದಾರಿ ತೋರಿಸುವವಳು ಸರ್ವಮಂಗಳಮ್ಮನೇ. ಮುದುಕಿಯ ಮನೆಗೂ ಹೋಗಬೇಕೆಂದು ಅವಳ ಹಂಬಲ.

“ನೀವೂ ಬರ್ರಿ,” ಎಂದಳು.

“ನನ್ ಕೈಲಾಗಲ್ಲ. ನೀನೂ ಹೋಗಬ್ಯಾಡ.”

“ಹೋಗಿ ಬರ್ತೀನಿ,” ಎಂದಳು, ಅಣ್ಣ ಅತ್ತಿಗೆಯ ಜೊತೆ ಹೋದಳು.

ಅವಳಿಲ್ಲದ ಆ ದಿನಗಳಲ್ಲಿ ಬೆನಕಪ್ಪ ಅಂಗಡಿಗೆ ಬಂದರೂ ಕತ್ತರಿ ಹಿಡಿಯಲಿಲ್ಲ. ಅವಳು ಕಂಡ ಕತ್ತಲ ಮೆಟ್ಟಿಲು, ತಾನು ಅಡಗಿದ್ದ ಬುಟ್ಟಿಗಳು, ಎಲ್ಲವೂ ಕಣ್ಣ ಮುಂದೆ ಬರುತ್ತಿದ್ದವು. ಬರುತ್ತೇನೆಂದ ದಿನ ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿನಲ್ಲಿ ಕೂತ. ಹೊನ್ನಾಳಿಯ ಕಡೆಯಿಂದ ಒಂದು ಬಸ್ಸು ಬಂತು, ಅವಳಿಲ್ಲ. ಇನ್ನೊಂದು ಬಂತು, ಅದರಲ್ಲೂ ಇಲ್ಲ. ನಾನು ಅವತ್ತು ಅಲ್ಲೇ ಇದ್ದೆ. “ರೈಲು ಲೇಟಾಗಿರ್ಬೇಕು ಬಿಡ್ರಿ,” ಎಂದರೆ ಕೇಳಿಸಿಕೊಂಡವನ ಹಾಗೆ ತಲೆಯಾಡಿಸಿದ. ಅವನ ಬಲಗೈ ತನ್ನದೇ ಎಡ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬೆರಳುಗಳು ಬೆಳ್ಳಗಾಗಿದ್ದವು.

ಮಧ್ಯಾಹ್ನ ಇಳಿದ ಮೇಲೆ ಬಂದ ಬಸ್ಸಿನ ಹಿಂದಿನ ಬಾಗಿಲಿನಿಂದ ಸರ್ವಮಂಗಳಮ್ಮ ಇಳಿದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಚಪ್ಪಲಿ, ಅದರ ಪಟ್ಟಿ ಕಿತ್ತಿತ್ತು. ಬೆನಕಪ್ಪ ಹೋಗಿ ಚೀಲ ಇಸಿದುಕೊಂಡ.

ಅವಳು ಅವನನ್ನು ನೋಡಿದಳು, ಆಮೇಲೆ ರಸ್ತೆಯ ಆ ಕಡೆ ಮುಚ್ಚಿದ್ದ ಅಂಗಡಿಯನ್ನು ನೋಡಿದಳು.

“ಯುಗಾದಿ ಬಂತು. ಜನ ಅಂಗಿ ಕೇಳಾಕೆ ಬಂದ್ರೆ ಏನ್ ಹೇಳ್ತೀರಿ? ಬಾಗ್ಲು ಯಾಕ್ ಹಾಕೀರಿ?” ಎಂದು ಗದರುತ್ತಾ ಬರಿಗಾಲಲ್ಲಿ ರಸ್ತೆ ದಾಟಿದಳು.